ಕರೆಂಟಿಗೆ ಹೆದರುವ ಭುವನೇಶ್ವರಿ

ಸಿಂದಗಿ ಬಸ್ ನಿಲ್ದಾಣದ ಹಿಂದೆ ಒಂದು ಗೊಬ್ಬರದಂಗಡಿ ಇದೆ. ಅದರ ಮೇಲಿನ ಮಾಳಿಗೆಯಲ್ಲಿ ನಾನು ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿಸುತ್ತೇನೆ. ಯಾವುದೋ ಊರಿನ ಕಚೇರಿಯಿಂದ ಯಾರೋ ಫೋನ್ ಮಾಡಿ ‘ಇದು ಶುರು ಆಗವಲ್ದು’ ಎಂದು ಗೋಳಿಟ್ಟರೆ, ಕಣ್ಣಿಗೆ ಕಾಣದ ಆ ಯಂತ್ರದ ಕಾಯಿಲೆಯನ್ನು ಮಾತಿನಲ್ಲೇ ಹಿಡಿಯುವುದು ಹೇಗೆ ಅನ್ನುವುದನ್ನೂ ಕಲಿಸುತ್ತೇನೆ. ನನ್ನ ಹೆಸರು ಶಾಹಿಸ್ತಾ. ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ. ಇರಲಿ. ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುವ ಹುಡುಗರ ನಡುವೆ ಒಂದು ದಿನ ಮೆತ್ತಗಿದ್ದು ನೋಡಿ, ಆಮೇಲೆ ನನಗೆ ಬುದ್ಧಿ ಹೇಳಿ.

ನನ್ನ ಕೈಕೆಳಗೆ ಕಲಿತ ಚುರುಕಿನವರು ಬಹಳ ಜನ ಇದ್ದಾರೆ. ಅವರ ಬಗ್ಗೆ ಬರೆಯಲು ನನಗೆ ಏನೂ ಇಲ್ಲ. ಬರೆಯಬೇಕು ಅನ್ನಿಸಿದ್ದು ಯಂಕಂಚಿಯ ಭುವನೇಶ್ವರಿಯ ಬಗ್ಗೆ. ಕುರಿ ಸಾಕುವ ಮನೆತನದ ಹುಡುಗಿ, ಪಿಯುಸಿ ಪಾಸಾದವಳು, ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಆದರೆ ಕರೆಂಟಿಗೆ ಅವಳಷ್ಟು ಹೆದರುವ ಜೀವವನ್ನು ನಾನು ಇಂದಿಗೂ ಕಂಡಿಲ್ಲ. ಅಂಥವಳು ಕಂಪ್ಯೂಟರ್ ರಿಪೇರಿಗೆ ಯಾಕೆ ಬಂದಳು ಅಂದರೆ, ಹೊಲಿಗೆ ತರಗತಿ ತುಂಬಿಹೋಗಿತ್ತು. ಸರ್ಕಾರದ ಪುಕ್ಕಟೆ ತರಬೇತಿಯಲ್ಲಿ ಜಾಗ ಉಳಿದಿದ್ದು ನಮ್ಮದೊಂದರಲ್ಲೇ.

ಮೊದಲ ದಿನ ಎಲ್ಲರಿಗೂ ಅವರವರ ಮೇಜಿನ ಸ್ವಿಚ್ ಹಾಕಲು ಹೇಳಿದೆ. ಎಲ್ಲರೂ ಹಾಕಿದರು. ಭುವನೇಶ್ವರಿ ಚೀಲದಿಂದ ಒಂದು ಪೆನ್ಸಿಲ್ ತೆಗೆದಳು, ತೋಳನ್ನು ಆದಷ್ಟು ಉದ್ದ ಚಾಚಿದಳು, ಮುಖ ಅತ್ತ ತಿರುಗಿಸಿಕೊಂಡು ಪೆನ್ಸಿಲ್ಲಿನ ತುದಿಯಿಂದ ಸ್ವಿಚ್ ಒತ್ತಿದಳು. ತರಗತಿಯೆಲ್ಲ ಗೊಳ್ಳೆಂದಿತು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಪೆನ್ಸಿಲ್ಲನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು ಕೂತಳು. ಕೂರುವ ಮುಂಚೆ ಸ್ಟೂಲಿನ ಮೇಲೆ ಕರಿ ಕಂಬಳಿಯ ಒಂದು ತುಂಡನ್ನು ಮಡಿಸಿ ಹಾಸಿದಳು, ಅದರ ಇನ್ನೊಂದು ತುದಿಯನ್ನು ಕೆಳಗೆ ಇಳಿಬಿಟ್ಟು ಪಾದಗಳ ಅಡಿಗೂ ಎಳೆದುಕೊಂಡಳು. ನಮ್ಮ ಕಬ್ಬಿಣದ ಸ್ಟೂಲು ಚಳಿಗೆ ಕೊರೆಯುತ್ತದೆ. ಪಾಪ, ಹುಡುಗಿಗೆ ತಂಪು ತಡೆಯುವುದಿಲ್ಲ ಅಂದುಕೊಂಡು ಸುಮ್ಮನಾದೆ.

ಫೋನಿನ ಪಾಠದಲ್ಲಿ ಅವಳದು ಬೇರೆಯೇ ತಮಾಷೆ. ನಾನು ಪಕ್ಕದ ಕೋಣೆಯಿಂದ ಗಿರಾಕಿಯ ಹಾಗೆ ಫೋನ್ ಮಾಡುತ್ತಿದ್ದೆ. ಅವರು ಪ್ರಶ್ನೆ ಕೇಳಿ ಕೇಳಿ ದೋಷ ಹುಡುಕಬೇಕು. ಒಂದು ದಿನ ನಿಡಗುಂದಿಯ ಕಚೇರಿಯ ಗುಮಾಸ್ತನಾಗಿ, “ನಮ್ಮ ಕಂಪ್ಯೂಟರ್ ಸತ್ತೈತಿ, ಲಗೂ ಏನರ ಮಾಡ್ರಿ” ಎಂದು ಗದರಿದೆ.

“ಮೊದಲ ನಿಮ್ಮ ಕೈ ಒಣಗಿ ಅದಾವೇನ್ ನೋಡ್ಕೊಳ್ರಿ” ಅಂದಳು ಭುವನೇಶ್ವರಿ.

“ಒಣಗ್ಯಾವ.”

“ಕಾಲಾಗ ಚಪ್ಪಲ್ ಅದಾವೇನ್ರಿ?”

“ಏ ತಂಗಿ, ನಾ ಕಂಪ್ಯೂಟರ್ ಸುದ್ದಿ ಹೇಳಾಕತ್ತೇನಿ, ನೀ ನನ್ನ ಚಪ್ಪಲಿ ಸುದ್ದಿ ಕೇಳಾಕತ್ತಿ!”

“ಸಿಟ್ಟಾಗಬ್ಯಾಡ್ರಿ. ಚಪ್ಪಲ್ ಹಾಕ್ಕೊಂಡು ಬರ್ರಿ. ಅಲ್ಲೀತನ ಏನೂ ಮುಟ್ಟಬ್ಯಾಡ್ರಿ, ನಾ ಫೋನ್ ಇಡಂಗಿಲ್ಲ.”

ಹುಡುಗರು ನಕ್ಕು ನಕ್ಕು ಸುಸ್ತಾದರು. ನನಗೂ ನಗು ಬಂತು. ಆದರೆ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಿಡಗುಂದಿಯಲ್ಲಿ ನಿಜಕ್ಕೂ ಒಬ್ಬ ಮನುಷ್ಯ ಬರಿಗಾಲಲ್ಲಿ ನಿಂತಿದ್ದಾನೆ, ಇನ್ನೊಂದು ಕ್ಷಣದಲ್ಲಿ ಸಾಯುತ್ತಾನೆ ಅನ್ನುವ ಹಾಗೆ ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಈ ಹೆದರಿಕೆಯ ಮೂಲ ಗೊತ್ತಾಗಲು ಜನವರಿ ಬರಬೇಕಾಯಿತು. ಅಷ್ಟರೊಳಗೆ ಇಂಡಿಯ ನೌಕರಿಯ ಸುದ್ದಿ ಬಂದಿತ್ತು. ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಒಂದು ಕಂಪನಿಗೆ ಇಂಡಿ ತಾಲೂಕಿಗೆ ಒಬ್ಬರು ಬೇಕಿದ್ದರು, ಒಬ್ಬರೇ. ನಮ್ಮ ತರಗತಿಯಿಂದ ಇಬ್ಬರನ್ನು ಪರೀಕ್ಷೆಗೆ ಕಳಿಸಬಹುದಿತ್ತು. ಭುವನೇಶ್ವರಿ ಅವತ್ತು ಎಲ್ಲರೂ ಹೋದ ಮೇಲೆ ನಿಂತಿದ್ದು, “ಮೇಡಂರಿ, ನನ್ನ ಕಳಸ್ರಿ. ಇದು ಸಿಗಲಿಲ್ಲಂದ್ರ ನಾ ಮತ್ತ ಮನ್ಯಾಗ ಕುಂಡ್ರಬೇಕು. ಆ ಮನ್ಯಾಗ ನನಗ ಉಸಿರ ಹಾಕಾಕ ಆಗಂಗಿಲ್ರಿ” ಅಂದಳು. ಮನೆಯಲ್ಲಿ ಏನು ತೊಂದರೆ ಎಂದು ಕೇಳಿದೆ. ಹೇಳಲಿಲ್ಲ. ಆದರೂ ಮೊದಲ ಹೆಸರು ಅವಳದೇ ಬರೆದೆ. ಎರಡನೆಯದು ಅಮಿತನದು. ಅವನು ಬಾಗೇವಾಡಿ ಕಡೆಯ ಹುಡುಗ, ಕೈ ಬಲು ವೇಗ, ಬಾಯಿ ಅದಕ್ಕಿಂತ ವೇಗ.

ಅದೇ ವಾರ ಅವಳ ಮೇಜಿನ ಮೇಲೆ ಯಂತ್ರಗಳು ಸಾಯತೊಡಗಿದವು.

ಮೊದಲು ಒಂದು ರ‍್ಯಾಮ್. ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪು ಕೂರುವ ಪಟ್ಟಿ, ಬೆರಳಿನಷ್ಟು ಅಗಲದ್ದು. ಚೆನ್ನಾಗಿದ್ದುದನ್ನು ಅವಳು ತೆಗೆದು ಮತ್ತೆ ಹಾಕಿದಳು, ಯಂತ್ರ ಉಸಿರೆತ್ತಲಿಲ್ಲ. ಹಳೆಯದು, ಹೋಗಿರಬೇಕು ಅಂದೆ. ಮರುದಿನ ಇನ್ನೊಂದು ಹೋಯಿತು. ಆಮೇಲೆ, ಎಲ್ಲ ಭಾಗಗಳೂ ಕೂರುವ ಒಂದು ಮದರ್‌ಬೋರ್ಡೇ ಹೋಯಿತು. ಬೇರೆ ಯಾರ ಮೇಜಿನಲ್ಲೂ ಏನೂ ಹೋಗುತ್ತಿರಲಿಲ್ಲ. ಹುಡುಗರು ಗುಸುಗುಸು ಶುರುಮಾಡಿದರು. ಅವಳು ಹತ್ತಿರ ಬಂದರೆ ತಮ್ಮ ಯಂತ್ರದ ಮೇಲೆ ಕೈ ಅಡ್ಡ ಇಡುತ್ತಿದ್ದರು.

ಕೇಂದ್ರದ ಮಾಲೀಕ ಬಸಂತರಾಯರು ಒಳ್ಳೆಯ ಮನುಷ್ಯರೇ. ಹೊಲ, ತೋಟ, ಕೆಳಗಿನ ಗೊಬ್ಬರದಂಗಡಿ ಎಲ್ಲ ಅವರದೇ. ಆದರೆ ಕೈಗುಣ, ಕಾಲ್ಗುಣ ಅಂದರೆ ಅವರಿಗೆ ಪ್ರಾಣ. ಮೆಟ್ಟಿಲು ಹತ್ತಿ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಮೇಡಂ, ಆ ಹುಡುಗಿ ಕೈ ಸುಮಾರ ಐತಿ. ಮುಟ್ಟಿದ್ದೆಲ್ಲಾ ಸಾಯಾಕತ್ತೈತಿ. ಇಂಡಿಗೆ ಅಮಿತನ್ನ ಒಬ್ಬನ್ನ ಕಳಸ್ರಿ ಸಾಕು.”

“ಯಂತ್ರಕ್ಕ ಕೈಗುಣ ಗೊತ್ತಾಗಂಗಿಲ್ರಿ. ಕಾರಣ ಏನರ ಇರ್ತದ, ನಾ ಹುಡುಕ್ತೇನಿ” ಅಂದೆ. ನನಗೆ ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ಆದರೆ ಹೇಳುತ್ತ ಭುವನೇಶ್ವರಿಯ ಮುಖ ನೋಡಿದೆ. ಬಸಂತರಾಯರ ಮಾತನ್ನು ನಾನು ನಂಬಿರಲಿಲ್ಲ, ಅವಳು ನಂಬಿದ್ದಳು.

ಮರುದಿನ ಮಧ್ಯಾಹ್ನ ಅವಳಿಗೆ ಗೊತ್ತಾಗದ ಹಾಗೆ ಹಿಂದೆ ನಿಂತೆ. ನಮ್ಮಲ್ಲಿ ಯಂತ್ರ ಬಿಚ್ಚುವ ಮುಂಚೆ ಮುಂಗೈಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಅದರಿಂದ ಒಂದು ತಂತಿ ಹೊರಡುತ್ತದೆ, ತಂತಿಯ ತುದಿಯ ಕ್ಲಿಪ್ಪನ್ನು ಭೂಮಿಗೆ ಇಳಿದ ಇನ್ನೊಂದು ತಂತಿಗೆ ಸಿಕ್ಕಿಸಬೇಕು. ಒಣ ಹವೆಯಲ್ಲಿ ನಮ್ಮ ಮೈಮೇಲೆ ಕೂತಿರುವ ಸಣ್ಣ ಮಿಂಚು ಈ ದಾರಿಯಲ್ಲಿ ಇಳಿದುಹೋಗುತ್ತದೆ. ಇಳಿಯದಿದ್ದರೆ ಬೆರಳಿನಿಂದ ಯಂತ್ರಕ್ಕೆ ಹಾರಿ ಅದನ್ನು ಸುಟ್ಟುಬಿಡುತ್ತದೆ. ಮನುಷ್ಯನಿಗೆ ಅದು ಚಿವುಟಿದಷ್ಟೂ ಅಲ್ಲ, ಯಂತ್ರಕ್ಕೆ ಸಾವು. ಭುವನೇಶ್ವರಿಯ ಮುಂಗೈಯಲ್ಲಿ ಪಟ್ಟಿ ಇತ್ತು. ತಂತಿಯೂ ಇತ್ತು. ಕ್ಲಿಪ್ಪು ಮಾತ್ರ ಕಂಬಳಿಯ ಮಡಿಕೆಯೊಳಗೆ ಅಡಗಿತ್ತು.

ಅವಳು ಕಂಬಳಿಯಿಂದ ಎದ್ದು ಕಪಾಟಿನ ಹತ್ತಿರ ಹೋಗಿ ಹಿಡಿಕೆ ಮುಟ್ಟಿದಳು. ‘ಚಟ್’ ಎಂದಿತು. ಅವಳ ಮೈ ಸೆಟೆಯಿತು, ಕಣ್ಣು ಮುಚ್ಚಿದವು, ತುಟಿ ಏನನ್ನೋ ಬೇಡಿಕೊಂಡವು. ಆಮೇಲೆ ಓಡುವವಳ ಹಾಗೆ ವಾಪಸ್ಸು ಬಂದು ಎರಡೂ ಪಾದಗಳನ್ನು ಕಂಬಳಿಯ ಮೇಲೆ ಒತ್ತಿ ಒತ್ತಿ ಉಜ್ಜಿದಳು. ಕೈಯಲ್ಲಿದ್ದ ರ‍್ಯಾಮ್ ಅನ್ನೂ ಕಂಬಳಿಯ ಮೇಲೆಯೇ ಇಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. “ಏನಿದು? ಕ್ಲಿಪ್ ಎಲ್ಲಿ? ಯಾರ ಹೇಳಿದ್ರು ನಿನಗ ಕಂಬಳಿ ಹಾಸಾಕ?” ಎಂದು ಕೂಗಿಬಿಟ್ಟೆ. ಅವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೇಳಿದಳು: “ದಿನಾ ಬರ್ತೈತ್ರಿ ಮೇಡಂ. ಕಪಾಟ ಮುಟ್ಟಿದ್ರ ಬರ್ತೈತಿ, ಬಾಗಲಾ ಮುಟ್ಟಿದ್ರ ಬರ್ತೈತಿ. ಅಣ್ಣನ್ನ ತಗೊಂಡು ಹ್ವಾದದ್ದು ಈಗ ನನ್ನ ಕೈಯಾಗ ಬಂದು ಕುಂತೈತ್ರಿ.”

ಉಳಿದವರನ್ನು ಚಹಾಕ್ಕೆ ಕಳಿಸಿದೆ.

ಅವಳ ಅಣ್ಣ ಸಂಗು ಕೊಳವೆಬಾವಿಯ ಮೋಟಾರಿನ ಪೆಟ್ಟಿಗೆಗೆ ಕೈ ಹಾಕಿ ಸತ್ತಿದ್ದ. ಕಿತ್ತುಹೋದ ತಂತಿಯನ್ನು ಕೈಗೆ ಸುತ್ತಿಕೊಂಡು ಪೆಟ್ಟಿಗೆಗೆ ಸಿಕ್ಕಿಸಲು ಹೋಗಿದ್ದನಂತೆ. ಇವಳು ಕಣ್ಣಾರೆ ನೋಡಿರಲಿಲ್ಲ, ಆಮೇಲೆ ಆ ಕೈ ನೋಡಿದ್ದಳು. ಅವತ್ತಿನಿಂದ ತಾಯಿ ಶೇವಂತೆವ್ವ ಕಂಬದಿಂದ ಮನೆಗೆ ಬರುವ ತಂತಿಯನ್ನೇ ಕಡಿಸಿಹಾಕಿದ್ದಳು. ಊರೆಲ್ಲ ಬೆಳಕಿದ್ದರೆ ಆ ಒಂದು ಮನೆಯಲ್ಲಿ ಎಣ್ಣೆ ದೀಪ. ಫೋನಿಗೆ ಚಾರ್ಜು ಬೇಕಾದರೆ ಹಿಟ್ಟಿನ ಗಿರಣಿಗೆ ಹೋಗಬೇಕು, ಅದೂ ತಂದೆ ಹೋಗಬೇಕು. ಮಗಳು ಬೀದಿಯ ಕಂಬದ ಪಕ್ಕ ಹಾದರೂ ತಾಯಿ ಒಳಗಿನಿಂದ ಚೀರುತ್ತಿದ್ದಳು. ಹಗಲೆಲ್ಲ ಆ ಕಣ್ಣು ಇವಳ ಮೇಲೇ. ಇಂಥ ಮನೆಯಿಂದ ಹುಡುಗಿ ‘ಟೈಪಿಂಗ್ ಕಲೀತೇನಿ’ ಎಂದು ಸುಳ್ಳು ಹೇಳಿ ಬಂದಿದ್ದಳು. ನಿಜ ಗೊತ್ತಿದ್ದುದು ತಂದೆ ಅಮಸಿದ್ದನಿಗೆ ಮಾತ್ರ. ಕಂಬಳಿ ಕೊಟ್ಟವನು ಅವನೇ. ಅವರಲ್ಲಿ ಕಂಬಳಿ ಅಂದರೆ ದೇವರನ್ನು ಕೂರಿಸುವ ಗದ್ದುಗೆ. ಅಡವಿಯಲ್ಲಿ ಗುಡುಗು ಸಿಡಿಲಿಗೂ ಅದನ್ನೇ ಹೊದ್ದು ಕೂರುವ ಜನ. “ಇದರ ಮ್ಯಾಲ ಕುಂತು ಮಾಡು, ಕರೆಂಟ್ ನಿನ್ನ ಮುಟ್ಟಂಗಿಲ್ಲ” ಎಂದು ಕೊಟ್ಟಿದ್ದ.

ಕೈಗೆ ತಂತಿ ಸುತ್ತಿಕೊಂಡು ಸತ್ತವನ ತಂಗಿಗೆ ನಾನು ಕೈಗೆ ತಂತಿ ಕಟ್ಟಿಕೋ ಎಂದಿದ್ದೆ. ಅವಳು ಪಟ್ಟಿ ಕಟ್ಟಿಕೊಂಡು ಕ್ಲಿಪ್ಪು ಮಾತ್ರ ಬಚ್ಚಿಟ್ಟಿದ್ದಳು. ಅದರ ಮೇಲೆ ಕುರಿಯ ಉಣ್ಣೆ. ಹವೆಯ ತೇವ ಹೋಗಿ ಜನವರಿಯ ಒಣ ಚಳಿ ಬಂದ ಮೇಲೆ ಉಣ್ಣೆಗೆ ಮೈ ಉಜ್ಜಿದರೆ ಆಗುವುದೇ ಆ ಸಣ್ಣ ಮಿಂಚು. ಮಿಂಚಿಗೆ ಹೆದರಿ ಅವಳು ಕಂಬಳಿಗೆ ಇನ್ನಷ್ಟು ಅಂಟಿಕೊಳ್ಳುತ್ತಿದ್ದಳು, ಅಂಟಿಕೊಂಡಷ್ಟೂ ಮಿಂಚು ಹೆಚ್ಚುತ್ತಿತ್ತು. ಅಪ್ಪ ಮಗಳನ್ನು ಕಾಯಲು ಕೊಟ್ಟ ವಸ್ತು ಮಗಳ ಯಂತ್ರಗಳನ್ನೆಲ್ಲ ಕೊಂದಿತ್ತು.

ಕಾರಣ ಸಿಕ್ಕ ಖುಷಿಗೆ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಕಿಟಕಿ ಮುಚ್ಚಿ ಕೋಣೆ ಕತ್ತಲೆ ಮಾಡಿ, “ನೋಡಿಲ್ಲಿ, ನಿನ್ನ ಕೈಯಾಗ ಏನೂ ಇಲ್ಲ, ಇರೂದು ಕಂಬಳಿಯಾಗ” ಎಂದು ಕಂಬಳಿಯನ್ನು ಪ್ಲಾಸ್ಟಿಕ್ ಕುರ್ಚಿಗೆ ತಿಕ್ಕಿ ಜಗ್ಗಿದೆ. ಕತ್ತಲೆಯಲ್ಲಿ ನೀಲಿ ಕಿಡಿಗಳು ಚಟಚಟ ಎಂದವು. ನನಗದು ಪಾಠ. ಅವಳಿಗೆ ದೇವರ ಗದ್ದುಗೆ ಬೆಂಕಿ ಉಗುಳಿದ ಹಾಗೆ ಕಂಡಿತು. ಒಂದು ಕೂಗು ಹಾಕಿ, ಬಾಗಿಲನ್ನು ಸೆರಗಿನಿಂದ ಹಿಡಿದು ತೆಗೆದು ಮೆಟ್ಟಿಲಿಳಿದು ಓಡಿದಳು. ಕಂಬಳಿಯನ್ನೂ ಒಯ್ಯಲಿಲ್ಲ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಸಂತರಾಯರು, “ಹೋಗ್ಲಿ ಬಿಡ್ರಿ, ಪೀಡಾ ತೊಲಗ್ತು” ಅಂದರು. ಆ ಮಾತೇ ನನ್ನನ್ನು ಯಂಕಂಚಿಯ ಬಸ್ಸು ಹತ್ತಿಸಿತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಂಬದ ಮೇಲೆ ಕಡಿದ ತಂತಿಯ ತುಂಡು ಸುರುಳಿ ಸುತ್ತಿಕೊಂಡಿತ್ತು, ಅದರ ಕೆಳಗಿನ ಮನೆ. ಅಮಸಿದ್ದ ಕುರಿ ಹೊಡೆದುಕೊಂಡು ಹೋಗಿದ್ದ. ಶೇವಂತೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಸಂದಿಯಲ್ಲಿ ಭುವನೇಶ್ವರಿ ಕಂಡಳು. ನನ್ನನ್ನು ನೋಡಿ ಕೈಸನ್ನೆಯಲ್ಲಿ ‘ಬೇಡ, ಬೇಡ’ ಅಂದಳು. ಅಷ್ಟರಲ್ಲಿ ತಾಯಿಯ ಕಣ್ಣು ನನ್ನ ಕಂಕುಳಲ್ಲಿದ್ದ ಕಂಬಳಿಯ ಮೇಲೆ ಬಿದ್ದಿತ್ತು.

“ಇದು ನಮ್ಮ ಕಂಬಳಿ ಅಲ್ಲೇನ್ರಿ? ನಿಮ್ಮ ಕಡೆ ಹೆಂಗ ಬಂತು?”

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಬಂದರೂ ಆ ಮುಖದ ಮುಂದೆ ಹೇಳಲು ಆಗುತ್ತಿರಲಿಲ್ಲ. ಎಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ತವೆಯ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು, ಅವಳು ತೆಗೆಯಲಿಲ್ಲ.

“ಟೈಪ್ ಹೊಡೀತೇನಿ ಅಂದಿದ್ಲು” ಅಂದಳು ಕೊನೆಗೆ. “ಬಿಚ್ಚೂ ಮುಂದ ಅದರಾಗ ಕರೆಂಟ್ ಇರ್ತೈತೇನ್ರಿ?”

“ಇರಂಗಿಲ್ರಿ. ಪ್ಲಗ್ ತಗದ ಬಿಚ್ಚತೇವಿ.”

“ಸಂಗೂನೂ ತಗದೇನಿ ಅಂದಿದ್ದ.”

ಶೇವಂತೆವ್ವ ಅಳಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ನಿಂತ ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಪರೀಕ್ಷಾ ಯಾವಾಗ?” ಅಂದಳು.

“ಬರೂ ಗುರುವಾರ. ಇಂಡ್ಯಾಗ.”

“ಆಕಿ ಹೋಗ್ತೇನಂದ್ರ ಹೋಗ್ಲಿ. ನಾನೂ ಬರ್ತೇನಿ. ನಾ ಇಲ್ಲದ ಆಕಿ ಅದನ್ನ ಮುಟ್ಟಂಗಿಲ್ಲ.”

ಇದು ಒಪ್ಪಿಗೆಯೋ ಬೆದರಿಕೆಯೋ ನನಗೆ ತಿಳಿಯಲಿಲ್ಲ. ಮಗಳು ಮಾತ್ರ ಬೆದರಿಕೆ ಅಂತಲೇ ತಿಳಿದಳು. ಮರುದಿನ ತರಗತಿಗೆ ಬಂದವಳು ಮೊದಲು ಹೇಳಿದ ಮಾತೇ ಅದು: “ಅವ್ವ ನನ್ನ ತಡ್ಯಾಕ ಬರ್ತಾಳ್ರಿ. ಎಲ್ಲಾರ ಮುಂದ ಎಳಕೊಂಡು ಹೋಗ್ತಾಳ.”

ಉಳಿದ ದಿನಗಳಲ್ಲಿ ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ. ಪಟ್ಟಿ ಕಟ್ಟುವುದು, ಕ್ಲಿಪ್ಪು ಸಿಕ್ಕಿಸುವುದು. ಮೊದಲು ನಾನೇ ಕಟ್ಟಿಕೊಂಡು ತೋರಿಸಿದೆ. ತಂತಿಯೊಳಗೆ ಒಂದು ತಡೆ ಇರುತ್ತದೆ, ಮೈಮೇಲಿನ ಮಿಂಚು ಮೆಲ್ಲಗೆ ಇಳಿದುಹೋಗುತ್ತದೆ, ಹೊರಗಿನ ಕರೆಂಟು ಜೋರಾಗಿ ನುಗ್ಗಿ ಬರಲಾರದು ಎಂದು ಬಿಡಿಸಿ ಹೇಳಿದೆ. ಅವಳಿಗೆ ಎಲ್ಲ ಅರ್ಥವಾಗಿತ್ತು. ಕೇಳಿದರೆ ನನಗಿಂತ ಚೆನ್ನಾಗಿ ವಿವರಿಸುತ್ತಿದ್ದಳು. ಆದರೆ ಕ್ಲಿಪ್ಪು ತಂತಿಯ ಹತ್ತಿರ ಹೋದ ಕೂಡಲೆ ಕೈ ಹಿಂದಕ್ಕೆ ಬರುತ್ತಿತ್ತು. ತಿಳಿವಳಿಕೆಯಿಂದ ಹೆದರಿಕೆ ಹೋಗುತ್ತದೆ ಅನ್ನುವವರು ಆ ಕೈಯನ್ನು ನೋಡಬೇಕಿತ್ತು. ಬುಧವಾರ ಸಂಜೆಯ ಹೊತ್ತಿಗೆ ಒಂದು ಸಲ ಸಿಕ್ಕಿಸಿದಳು. ಸಿಕ್ಕಿಸಿ, ಹಣೆಯ ಬೆವರು ಒರೆಸಲೂ ಕೈ ಎತ್ತದೆ ಕಲ್ಲಾಗಿ ಕೂತಳು. ಒಂದೇ ಒಂದು ಸಲ, ಅಷ್ಟೇ.

ಗುರುವಾರ ನಾವು ಮೂವರೂ ಇಂಡಿಯ ಬಸ್ಸಿನಲ್ಲಿ ಕೂತೆವು. ಅಮಿತ ನಮಗಿಂತ ಮೊದಲಿನ ಬಸ್ಸಿಗೇ ಹೋಗಿದ್ದ. ಶೇವಂತೆವ್ವ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ದ್ರಾಕ್ಷಿ ತೋಟ ನೋಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವಳು ಒಂದೊಂದೇ ವಿದ್ಯುತ್ ಕಂಬವನ್ನು ನೋಡುತ್ತಿದ್ದಳು. ಪ್ರತಿ ಕಂಬ ಹಿಂದೆ ಹೋದಾಗ ಅವಳ ಕುತ್ತಿಗೆ ತುಸು ತಿರುಗುತ್ತಿತ್ತು. ಇವಳು ಅಲ್ಲಿ ಎದೆ ಬಡಿದುಕೊಂಡು ಅತ್ತರೆ ಏನು ಮಾಡಲಿ, ಮಗಳ ಜುಟ್ಟು ಹಿಡಿದರೆ ಏನು ಮಾಡಲಿ ಎಂದು ಲೆಕ್ಕ ಹಾಕಿ ಹಾಕಿ ನನಗೆ ತಲೆ ನೋಯತೊಡಗಿತು.

ಪರೀಕ್ಷೆ ನಡೆದದ್ದು ನಿಂಬೆಹಣ್ಣಿನ ಮಾರುಕಟ್ಟೆಯ ಹತ್ತಿರದ ಒಂದು ಕಚೇರಿಯಲ್ಲಿ. ಕಂಪನಿಯಿಂದ ಬಂದವರು ಗುರುಲಿಂಗಪ್ಪ ಅಂತ, ವಯಸ್ಸಾದವರು, ಮಾತು ಕಡಿಮೆ. ಎರಡು ಕೆಟ್ಟ ಕಂಪ್ಯೂಟರುಗಳನ್ನು ಇಟ್ಟಿದ್ದರು. ಒಂದನ್ನು ಅಮಿತ ಸರಿ ಮಾಡಬೇಕು, ಇನ್ನೊಂದನ್ನು ಭುವನೇಶ್ವರಿ. ಅಮಿತ ಮೊದಲು ಹೋದ. ಮುಚ್ಚಳ ತೆಗೆದ, ಬರಿಗೈಯನ್ನೇ ಒಳಗೆ ಹಾಕಿದ, ಶಿಳ್ಳೆ ಹೊಡೆಯುವಷ್ಟರಲ್ಲಿ ಮುಗಿಸಿದ. ಪರದೆ ಹೊತ್ತಿತು. ಅವನು ಎದೆಯುಬ್ಬಿಸಿ ಬಂದು ನನ್ನ ಪಕ್ಕ ನಿಂತ. ಗುರುಲಿಂಗಪ್ಪನವರು ಮೇಜಿನ ಮೇಲೆ ಹಾಗೇ ಬಿದ್ದಿದ್ದ ಕೈಪಟ್ಟಿಯನ್ನು ನೋಡಿದರು.

ಭುವನೇಶ್ವರಿ ಎದ್ದಳು. ಗೋಡೆಯ ಸ್ವಿಚ್ ಆರಿಸಿದಳು, ಪ್ಲಗ್ ಕಿತ್ತು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟಳು. ತಾಯಿಗೆ ಕಾಣಲಿ ಅಂತ ಇಟ್ಟಳು ಎಂದು ನನಗೆ ಗೊತ್ತು. ಪಟ್ಟಿಯನ್ನು ಎಡಗೈಗೆ ಬಿಗಿದಳು. ಕ್ಲಿಪ್ಪು ಹಿಡಿದ ಬಲಗೈ ಭೂಮಿಗೆ ಇಳಿದ ತಂತಿಯ ಕಡೆ ಹೋಯಿತು, ನಿಂತಿತು, ಹಿಂದೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಅಮಿತ ಕಿಸಕ್ಕೆಂದ. ನಾನು ಅವನ ಕಾಲು ತುಳಿದೆ.

ಕೊನೆಗೆ ಅವಳು ಕಣ್ಣು ಮುಚ್ಚಿ ಕ್ಲಿಪ್ಪು ಸಿಕ್ಕಿಸಿದಳು.

ಆಗ ಶೇವಂತೆವ್ವ ಎದ್ದಳು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಅವಳ ನೈಲಾನ್ ಸೀರೆ ಸರಕ್ಕೆಂದು ಬಿಡಿಸಿಕೊಂಡಿತು. ಬಂತು ನೋಡು, ಆಗುವುದು ಈಗಲೇ ಅಂದುಕೊಂಡೆ. ಅವಳು ನೇರವಾಗಿ ಮಗಳ ಹತ್ತಿರ ನಡೆದು, ಕೈಗೆ ಕಟ್ಟಿದ ತಂತಿಯನ್ನು ನೋಡಿ, ಆ ಎಡ ಮುಂಗೈಯನ್ನೇ ಹಿಡಿಯಲು ಕೈ ಚಾಚಿದಳು. ಬೆರಳು ತಾಕುವ ಮುಂಚೆಯೇ ‘ಚಟ್’ ಎಂದು ಕಿಡಿ ಹಾರಿತು.

ಇಬ್ಬರೂ ಬೆಚ್ಚಿಬಿದ್ದರು. ಅದು ಪ್ಲಾಸ್ಟಿಕ್ ಕುರ್ಚಿಯ ಮಿಂಚು, ಏನೂ ಅಲ್ಲ ಎಂದು ನನಗೆ ಗೊತ್ತಿತ್ತು, ಭುವನೇಶ್ವರಿಗೂ ಗೊತ್ತಿತ್ತು. ಶೇವಂತೆವ್ವನಿಗೆ ಗೊತ್ತಿರಲಿಲ್ಲ. ಅವಳ ಮಟ್ಟಿಗೆ ಕರೆಂಟು ಮಗಳನ್ನು ಹಿಡಿದಿತ್ತು, ಈಗ ತನ್ನನ್ನೂ ಹಿಡಿದಿತ್ತು. ಅವಳ ಮುಖ ಬೂದಿಯಾಯಿತು. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಗಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡವ್ವಾ, ಅದು ಏನೂ ಅಲ್ಲ” ಅಂದಳು ಭುವನೇಶ್ವರಿ.

“ಬಿಡಂಗಿಲ್ಲ.” ಶೇವಂತೆವ್ವನ ಹಲ್ಲು ಕಡಕಡ ಅನ್ನುತ್ತಿದ್ದವು. “ಅವತ್ತ ಎಲ್ಲಾರೂ ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂದ್ರು. ನಾ ಮುಟ್ಟಲಿಲ್ಲ. ಸಂಗು ನನ್ನ ಕಡೆ ನೋಡಾಕತ್ತಿದ್ದ, ನಾ ದೂರ ನಿಂತ ನೋಡಿದೆ. ಹೊಡದ್ರ ಇವತ್ತ ಇಬ್ಬರಿಗೂ ಹೊಡೀಲಿ. ನೀ ನಿನ್ನ ಕೆಲಸ ಮಾಡು.”

ಭುವನೇಶ್ವರಿ ತಾಯಿಯ ಮುಖ ನೋಡಿದಳು. ಇದು ಅವಳಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಳಲು ಹೊತ್ತಿರಲಿಲ್ಲ. ಗುರುಲಿಂಗಪ್ಪನವರು ‘ಜೊತೆಗೆ ಯಾರೂ ಇರಬಾರದು’ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಭುವನೇಶ್ವರಿ ಒಂದೇ ಕೈಯಲ್ಲಿ ಮುಚ್ಚಳ ತೆಗೆದಳು. ಎಡಗೈಯನ್ನು ಒಳಗೆ ಹಾಕಿದಾಗ ತಾಯಿಯ ಕೈಯೂ ಅದರ ಜೊತೆ ಒಳಗೆ ಹೋಯಿತು. ರ‍್ಯಾಮ್ ಕಿತ್ತಳು, ರಬ್ಬರಿನಿಂದ ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ತಿಕ್ಕಿದಳು, ಮತ್ತೆ ಒತ್ತಿ ಕೂರಿಸಿದಳು. ಮುಚ್ಚಳ ಹಾಕಿ ಪ್ಲಗ್ ಸಿಕ್ಕಿಸಿದಳು. ಇನ್ನು ಸ್ವಿಚ್ ಒಂದೇ ಬಾಕಿ. ಈ ಸಲ ಪೆನ್ಸಿಲ್ ಇರಲಿಲ್ಲ. “ಅವ್ವಾ, ಈಗ ಕರೆಂಟ್ ಹಾಕ್ತೇನಿ” ಅಂದಳು. ಶೇವಂತೆವ್ವ ಕಣ್ಣು ಮುಚ್ಚಿದಳು, ಕೈ ಬಿಡಲಿಲ್ಲ. ಬೆರಳು ಸ್ವಿಚ್ಚನ್ನು ಒತ್ತಿತು.

ಯಂತ್ರ ಒಂದು ಸಲ ಕೂಗಿ ಎದ್ದಿತು. ಪರದೆಯ ನೀಲಿ ಬೆಳಕು ಇಬ್ಬರ ಮುಖದ ಮೇಲೂ ಬಿತ್ತು.

ಗುರುಲಿಂಗಪ್ಪನವರು ಹತ್ತಿರ ಬಂದು ಹೇಳಿದರು: “ಆ ಹುಡುಗ ಲಗೂ ಮಾಡಿದ, ಆದ್ರ ಪಟ್ಟಿ ಕಟ್ಟಲಿಲ್ಲ, ಪ್ಲಗ್ಗೂ ಕೀಳಲಿಲ್ಲ. ಅಂಥವರನ್ನ ನಾ ಭಾಳ ಮಂದಿ ನೋಡೇನಿ. ತಂಗಿ, ಸೋಮವಾರದಿಂದ ನೀ ಬಾ. ಆದ್ರ ಒಂದ ಮಾತು, ಒಬ್ಬಾಕಿನ ಬರಬೇಕು. ಊರೂರು ತಿರಗೂ ಕೆಲಸ, ಕೈ ಹಿಡಕೊಂಡು ನಿಂದ್ರಾಕ ಯಾರೂ ಇರಂಗಿಲ್ಲ.”

“ಒಬ್ಬಾಕಿನ?” ಅಂದಳು ಶೇವಂತೆವ್ವ.

“ಹೌದವ್ವಾ.”

ನೌಕರಿ ಸಿಕ್ಕಿತೆಂದು ಹಿಗ್ಗಲೂ ನನಗೆ ಬಿಡುವಾಗಲಿಲ್ಲ. ತಾಯಿ ಈಗ ‘ಬ್ಯಾಡ’ ಅಂದರೆ ಮುಗಿಯಿತು. ಶೇವಂತೆವ್ವ ಬೆಳಗುತ್ತಿದ್ದ ಪರದೆಯನ್ನು ನೋಡಿದಳು, ಗೋಡೆಯ ಸ್ವಿಚ್ ನೋಡಿದಳು, ಆಮೇಲೆ ಮಗಳನ್ನು.

“ನಿನಗ ಹೆದರಿಕಿ ಆಗ್ತೈತೇನು?”

ಭುವನೇಶ್ವರಿ ಇಲ್ಲ ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ. “ಆಗ್ತೈತವ್ವಾ. ಭಾಳ ಆಗ್ತೈತಿ” ಅಂದಳು.

“ದಿನಾ ಆಗ್ತೈತೇನು?”

“ದಿನಾ ಆಗ್ತೈತಿ.”

“ಹಂಗಾರ ಹೋಗು” ಅಂದಳು ಶೇವಂತೆವ್ವ. “ನಿಮ್ಮಣ್ಣಗ ಹೆದರಿಕೀನ ಇರಲಿಲ್ಲ.”

ಹೇಳಿ, ಒಂದೊಂದೇ ಬೆರಳು ಸಡಿಲಿಸಿ ಮಗಳ ಕೈ ಬಿಟ್ಟಳು.